ಕೆರೆ ತಿರುವಿನ ಬಿಳಿ ಗೆರೆ

ನನ್ನ ಗಂಡ ವಿಶ್ವಜಿತ್‌ನ ವರ್ಷದ ಶ್ರಾದ್ಧದ ದಿನ ನಾನು ರಸ್ತೆಗೆ ಹೋಗಲಿಲ್ಲ. ಉಳಿದ ದಿನಗಳಲ್ಲಿ ಬೆಳಕು ಹರಿಯುವ ಹೊತ್ತಿಗೆ ಅಲ್ಲಿರುತ್ತೇನೆ.

ನನ್ನ ಪಿಎಚ್.ಡಿ.ಯ ವಿಷಯ ಜಿಂಕೆ ಮತ್ತು ವಾಹನಗಳ ಡಿಕ್ಕಿ. ಹೈದರಾಬಾದಿನ ಪಶ್ಚಿಮದ ಅಂಚಿನಲ್ಲಿ, ನಮ್ಮ ಕಾಲೊನಿಗೆ ಹತ್ತಿರದಲ್ಲೇ, ಒಂದು ಕುರುಚಲು ಕಾಡಿದೆ. ಕಾಡಿನ ಪಕ್ಕ ಹೊಸದಾಗಿ ಅಗಲ ಮಾಡಿದ ರಸ್ತೆ. ರಸ್ತೆಯ ಆಚೆ ಕೆರೆ. ಜಿಂಕೆಗಳು ನೀರಿಗೆ ದಾಟುತ್ತವೆ. ಜನ ಆಫೀಸಿಗೆ ಹೋಗುತ್ತಾರೆ. ಇಬ್ಬರಿಗೂ ಅದೇ ಹೊತ್ತು ಬೇಕು.

ಕೆಲಸ ಸುಲಭ. ಸ್ಕೂಟರಿನ ಮೇಲೆ ಇಬ್ಬರು ಹೋಗಬೇಕು. ಒಬ್ಬರು ಮೆಲ್ಲಗೆ ಓಡಿಸುವುದು, ಇನ್ನೊಬ್ಬರು ರಸ್ತೆಯ ಎರಡೂ ಬದಿ ನೋಡುವುದು. ಒಬ್ಬರೇ ಎರಡನ್ನೂ ಮಾಡಲು ಹೋದರೆ ನಾವೇ ಲೆಕ್ಕಕ್ಕೆ ಸೇರುತ್ತೇವೆ. ಸತ್ತ ಜಿಂಕೆ ಸಿಕ್ಕರೆ ಫೋಟೋ ತೆಗೆದು, ಬದಿಯ ಪೊದೆಗೆ ಎಳೆದು, ಅರಣ್ಯ ಇಲಾಖೆಗೆ ಫೋನು ಮಾಡುತ್ತೇವೆ. ಅದು ಬಿದ್ದಿದ್ದ ಜಾಗದಲ್ಲಿ ಹಳದಿ ಪೇಂಟಿನ ಒಂದು ಬೊಟ್ಟು, ಪಕ್ಕದಲ್ಲಿ ಪ್ರಾಣಿ ಬಂದ ದಿಕ್ಕಿಗೆ ಒಂದು ಬಾಣ. ಮರುದಿನ ರಕ್ತದ ಕಲೆ ನೋಡಿ ಅದನ್ನೇ ಇನ್ನೊಂದು ಸಾವೆಂದು ಎಣಿಸಬಾರದಲ್ಲ, ಅದಕ್ಕೆ.

ನನ್ನ ಜೊತೆ ಬರುವವಳು ಕೃಪಾ. ನನಗಿಂತ ಕಿರಿಯ ಸಂಶೋಧಕಿ. ಜಹೀರಾಬಾದಿನವಳು, ಕನ್ನಡ, ತೆಲುಗು, ಹಿಂದಿ ಮೂರನ್ನೂ ಒಂದೇ ವಾಕ್ಯದಲ್ಲಿ ಮುಗಿಸುತ್ತಾಳೆ. ಶ್ರಾದ್ಧದ ಹಿಂದಿನ ದಿನ ಅವಳಿಗೆ, ನಾಳೆ ಒಬ್ಬಳೇ ಹೋಗಬೇಡ, ಒಂದು ದಿನದ್ದು ತಪ್ಪಿದರೆ ತಪ್ಪಲಿ ಎಂದೆ. ಸರಿ ಅಕ್ಕಾ ಎಂದಳು. ಪೇಂಟಿನ ಡಬ್ಬಿ, ಬ್ರಷ್ಷು ಹೇಗೂ ನನ್ನ ಸ್ಕೂಟರಿನಲ್ಲೇ ಇದ್ದವು.

ವಿಶ್ವಜಿತ್ ಸತ್ತದ್ದು ಈ ರಸ್ತೆಯಲ್ಲಲ್ಲ. ಶಂಷಾಬಾದಿನ ಕಡೆ. ಬೈಕಿಗೆ ಯಾವುದೋ ವಾಹನ ಹಾಯ್ದು, ನಿಲ್ಲದೆ ಹೋಯಿತು. ಯಾವ ವಾಹನ ಎಂದು ತಿಳಿಯಲೇ ಇಲ್ಲ. ಆಮೇಲೆ ನನ್ನ ಗೈಡ್, ವಿಷಯ ಬದಲಾಯಿಸುತ್ತೀಯಾ ಎಂದು ಕೇಳಿದರು. ಬೇಡ ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಬದಲಾಯಿಸಲು ಏನಾದರೂ ಬೇಕೆನ್ನಿಸಬೇಕು. ನನಗೆ ಏನೂ ಬೇಕೆನ್ನಿಸುತ್ತಿರಲಿಲ್ಲ.

ಅತ್ತೆ ಸುಭದ್ರಾಬಾಯಿ ಹಾಗಲ್ಲ. ಅವರು ಮಗನಿಗಿಂತ ಹೆಚ್ಚಾಗಿ ಆ ಡ್ರೈವರನನ್ನು ನೆನೆಸುತ್ತಿದ್ದರು. ತರಕಾರಿ ಹೆಚ್ಚುವಾಗ, ದೇವರ ಪಾತ್ರೆ ತಿಕ್ಕುವಾಗ, ಯಾರೂ ಏನೂ ಕೇಳದಿದ್ದರೂ ಹೇಳುತ್ತಿದ್ದರು. "ಇಳದು ಬಾಯಾಗ ಒಂದ್ ಹನಿ ನೀರು ಹಾಕಿದ್ರ ಏನು ಗಂಟ ಹೋಗ್ತಿತ್ತು ಅವಂದು? ಯಾಕ ನಿಲ್ಲಲಿಲ್ಲ ಅಂವಾ? ಅದೊಂದು ಹೇಳಿ ಹೋಗ್ಲಿ."

ಹೀಗೆ ಒಂದು ವರ್ಷ.

ನಮಗೆ ಮಕ್ಕಳಿಲ್ಲ, ಮಾವನವರೂ ಈಗಿಲ್ಲ. ಶ್ರಾದ್ಧ ಮಾಡಬೇಕಾದವನು ಮೈದುನ ಶ್ರೀಹರ್ಷ. ಅಮೀರ್‌ಪೇಟೆಯ ಒಂದು ಕೋಚಿಂಗ್ ಸಂಸ್ಥೆಯಲ್ಲಿ ಗಣಿತ ಹೇಳಿಕೊಡುತ್ತಾನೆ. ಅವತ್ತು ಇನ್ನೂ ಕತ್ತಲಿರುವಾಗಲೇ ತಲೆಗೆ ನೀರು ಹಾಕಿಕೊಂಡು, ಪಂಚೆ ಉಟ್ಟು, ಆಚಾರ್ಯರನ್ನು ಕರೆತರಲು ಬರ್ಕತ್‌ಪುರಕ್ಕೆ ಕಾರು ತೆಗೆದುಕೊಂಡು ಹೊರಟ. ಆಚಾರ್ಯರು ಶ್ರಾದ್ಧದ ದಿನ ಬಾಡಿಗೆ ಕಾರು ಹತ್ತುವುದಿಲ್ಲ. ಸೀಟಿನ ಮೇಲೆ ಹಿಂದಿನ ದಿನ ಯಾರು ಕೂತು ಏನು ತಿಂದಿದ್ದರೋ ಎಂದು ಅವರ ಚಿಂತೆ.

ಬಿಸಿಲು ಬಂದ ಮೇಲೆ ಕಾರು ಗೇಟಿನೊಳಗೆ ಬಂತು. ಎಡಗಡೆಯ ಹೆಡ್‌ಲೈಟು ಒಡೆದಿತ್ತು.

"ಲೈಟಿಗೆ ಏನಾತೋ?" ಎಂದರು ಅತ್ತೆ.

"ಕಲ್ಲು ಬಡೀತು."

ಆಚಾರ್ಯರು ಒಳಗೆ ಹೋಗುತ್ತಿದ್ದಂತೆ ಅವನು ಪೈಪು ಹಿಡಿದು ಕಾರು ತೊಳೆಯತೊಡಗಿದ. ಮುಂಭಾಗಕ್ಕೆ ಸೋಪಿನ ಪುಡಿ ಹಾಕಿ ತಿಕ್ಕಿದ.

"ಅಲ್ಲಿ ಎಲಿ ಹಾಕ್ಲಿಕ್ಕೆ ಹೊತ್ತಾಗ್ಲಿಕತ್ತದ, ಇವಾ ಕಾರ್ ತೊಳೀಲಿಕತ್ತಾನ ನೋಡು," ಎಂದು ಅತ್ತೆ ನನ್ನ ಕಡೆ ತಿರುಗಿ ಹೇಳಿದರು. ನಾನು ಹೂಂ ಎಂದೆ.

ಆಚಾರ್ಯರು ಕಾಲು ತೊಳೆಯುತ್ತ ಸುದ್ದಿ ಹೇಳಿದರು. "ಕೆರಿ ತಿರುವಿನಾಗ ಯಾರೋ ಹೋಗ್ಯಾರ ನೋಡ್ರಿ ಸುಭದ್ರಾಬಾಯಿ. ಪೊಲೀಸರು ಸುತ್ತ ಬೆಳ್ಳಗ ಗೆರಿ ಹಾಕ್ಯಾರ. ನಡುವ ರಕ್ತ ಹಂಗೇ ಅದ. ಯಾರ ಮನಿ ಮಗಾನೋ. ನಾನು ಶ್ರೀಹರ್ಷಗ ಅಂದೆ, ಸಾವಕಾಶ ಹೊಡಿಯಪ್ಪಾ ಅಂತ."

"ಬ್ಯಾಡ್ರಿ ಆಚಾರ್ರ. ಇವತ್ತೊಂದಿನ ಬ್ಯಾಡ," ಎಂದರು ಅತ್ತೆ.

ಶ್ರಾದ್ಧ ನಡೆಯಿತು. ನಾನು ಗೋಡೆಗೆ ಒರಗಿ ಕೂತಿದ್ದೆ. ಶ್ರೀಹರ್ಷ ಎಳ್ಳು ಕೇಳಿದರೆ ದರ್ಭೆ ಎತ್ತುತ್ತಿದ್ದ. ಜನಿವಾರ ಬಲಕ್ಕೆ ಎಂದರೆ ಎಡಕ್ಕೇ ಇಟ್ಟುಕೊಂಡು ಕೂತಿರುತ್ತಿದ್ದ. ಆಚಾರ್ಯರು ಮಂತ್ರದ ನಡುವೆ ನಿಲ್ಲಿಸಿ, "ನಿನಗ ಗಣಿತ ಕಲಿಸಿಕೊಟ್ಟಾಂವ ಯಾರಪ್ಪಾ, ಎಡ ಬಲ ಗೊತ್ತಾಗವಲ್ತು," ಎಂದರು. ಯಾರೂ ನಗಲಿಲ್ಲ. ಪಿಂಡವನ್ನು ಎಲೆಯ ಹೊರಗೆ ಇಟ್ಟ. ಅಣ್ಣನ ನೆನಪು ಎಂದುಕೊಂಡೆ.

ಊಟವಾಗಿ, ಆಚಾರ್ಯರನ್ನು ಪಕ್ಕದ ಮನೆಯವರು ತಮ್ಮ ಕಾರಿನಲ್ಲಿ ಬಿಟ್ಟುಬರಲು ಹೋದ ಮೇಲೆ ಅತ್ತೆ ಫೋನು ತೆಗೆದರು. ನಮ್ಮ ಕಾಲೊನಿಯಲ್ಲಿ ಇರುವವರು ಹೆಚ್ಚಾಗಿ ಮಾವನವರಂತೆ ಕೇಂದ್ರ ಸರ್ಕಾರದ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ವಾಟ್ಸಾಪ್ ಗ್ರೂಪು ಸದಾ ಎಚ್ಚರವಾಗಿರುತ್ತದೆ. ಅತ್ತೆ ಒಂದೊಂದೇ ಓದಿದರು. ಕೆರೆ ತಿರುವಿನಲ್ಲಿ ಯಾರೋ ಸತ್ತಿದ್ದಾರೆ ಎಂಬುದು ಮೊದಲು. ಸ್ವಲ್ಪ ಹೊತ್ತಿಗೆ ಅವನು ಬೈಕಿನವನಾದ. ಆಮೇಲೆ ಯಾವುದೋ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಗಾರ್ಡ್ ಆದ. ಚಹದ ಹೊತ್ತಿಗೆ ಅವನಿಗೆ ಇಬ್ಬರು ಮಕ್ಕಳಿದ್ದರು.

"ಹಾಯ್ಸಿದಾಂವ ನಿಂತಿಲ್ಲಂತ," ಎಂದರು ಅತ್ತೆ. "ಇವನೂ ನಿಂತಿಲ್ಲ. ಇನ್ನೊಂದ್ ಮನಿ." ಕಣ್ಣು ಒರೆಸಿಕೊಂಡರು. "ಅವರವ್ವಗ ಫೋನ್ ಬಂದಿರ್ತದ ಈಗ."

ಶ್ರೀಹರ್ಷ ಎದ್ದು ಮಹಡಿಗೆ ಹೋದ.

ಸ್ವಲ್ಪ ಹೊತ್ತಿನ ಮೇಲೆ ಒಣಗಿದ ಮಡಿಬಟ್ಟೆ ತರಲು ನಾನೂ ಹತ್ತಿದೆ. ಅವನು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದ. ನಾನು ಕ್ಲಿಪ್ಪು ತೆಗೆಯುತ್ತಿದ್ದೆ.

"ವೈನಿ, ಅದು ನಾನು."

"ಏನು ನೀನು?"

"ಕೆರಿ ತಿರುವಿನಾಗ. ಆಚಾರ್ರನ್ನ ಕರಕೊಂಡು ಬರ್ಲಿಕ್ಕೆ ಹೋಗೂ ಮುಂದ. ನಾನೇ ಹಾಯ್ಸಿದ್ದು."

ಕ್ಲಿಪ್ಪು ಕೈಯಲ್ಲೇ ಇತ್ತು. ಅದನ್ನು ಡಬ್ಬಿಗೆ ಹಾಕಿದೆ.

"ಏನಿತ್ತು ಅದು?"

"ಗೊತ್ತಿಲ್ರಿ. ಕತ್ತಲಿತ್ತು. ಎಡಗಡಿಂದ ಏನೋ ಕಂದು ಬಣ್ಣದ್ದು ಬಂತು. ಅಂಗಿನೋ ಏನೋ. ಧಡ್ ಅಂತು."

"ಎತ್ತರ ಎಷ್ಟಿತ್ತು? ಬಾನೆಟ್‌ಗೆ ಬಡೀತೋ, ಬಂಪರ್‌ಗೋ?"

"ವೈನಿ! ನಿಮ್ಮ ರಿಸರ್ಚಿನ ಪ್ರಶ್ನಿ ಕೇಳಬ್ಯಾಡ್ರಿ ನನಗ."

"ನನಗ ಕೇಳ್ಲಿಕ್ಕೆ ಬರೋದು ಅದೊಂದೇ," ಎಂದೆ. "ಜಿಂಕಿ ಇರಬಹುದು, ಶ್ರೀಹರ್ಷ. ಆ ಹೊತ್ತಿಗೆ ಅವು ದಾಟತಾವ."

"ನಾನೂ ಹಂಗೇ ಅನ್ಕೊಂಡೆ. ಬರ್ಕತ್‌ಪುರದ ತನಕ ಜಿಂಕಿ, ಜಿಂಕಿ ಅನ್ಕೋತನೇ ಹೋದೆ. ಬರೂ ಮುಂದ ನೋಡಿದ್ರ ಗೆರಿ ಹಾಕಿತ್ತು. ಜಿಂಕಿಗೆ ಪೊಲೀಸರು ಗೆರಿ ಹಾಕ್ತಾರೇನ್ರಿ?"

ಹಾಕುವುದಿಲ್ಲ. ನಾವು ಕೂಡ ಬೊಟ್ಟಿಡುತ್ತೇವೆ, ಅದೂ ಹಳದಿ. ಮತ್ತೆ ಅವತ್ತು ನಾವು ಹೋಗಿರಲೇ ಇಲ್ಲ.

"ಇಳದು ನೋಡಿದಿ?"

ಕೆಳಗೆ ಅತ್ತೆ ಯಾರಿಗೋ ಫೋನಿನಲ್ಲಿ ಅದೇ ಸುದ್ದಿ ಹೇಳುತ್ತಿದ್ದರು.

"ಬ್ರೇಕ್ ಹಾಕಿದೆ," ಎಂದ. "ಬಾಗಲಾ ತಗದೆ. ಒಂದ್ ಕಾಲು ಕೆಳಗೂ ಇಟ್ಟೆ ವೈನಿ. ಅಷ್ಟರಾಗ ತಲ್ಯಾಗ ಏನು ಬಂತು ಗೊತ್ತೇನ್ರಿ? ಸ್ನಾನ ಆಗೇದ, ಶ್ರಾದ್ಧ ಮಾಡಾಂವ ನಾನು, ಹೆಣಾ ಮುಟ್ಟಿದ್ರ ಮೈಲಿಗಿ. ಅಣ್ಣಂದು ವರ್ಷದ್ದು ಕೆಟ್ಟಹೋಗ್ತದ. ಆಚಾರ್ರು ಕಾಯ್ಲಿಕತ್ತಾರ, ಅವ್ವ ಕಾಯ್ಲಿಕತ್ತಾಳ. ಕಾಲು ಒಳಗ ತಗೊಂಡೆ."

ಒಂದು ವರ್ಷದಿಂದ ನನ್ನ ತಲೆಯಲ್ಲೂ ಒಬ್ಬ ಡ್ರೈವರ್ ಇದ್ದ. ಕುಡಿದಿದ್ದ, ಇಲ್ಲವೆ ಫೋನು ನೋಡುತ್ತಿದ್ದ. ಅವನು ಸ್ನಾನ ಮಾಡಿ ಪಂಚೆ ಉಟ್ಟಿರಬಹುದು ಎಂದು ಯಾವತ್ತೂ ಅನಿಸಿರಲಿಲ್ಲ. ಶ್ರೀಹರ್ಷನ ಮೇಲೆ ಸಿಟ್ಟು ಬರಬೇಕಿತ್ತು. ಕಾದೆ. ಬರಲಿಲ್ಲ.

ಅವನೊಂದಿಗೆ ಕೆಳಗಿಳಿದು ಕಾರು ನೋಡಿದೆ. ಜಿಂಕೆಯ ಕೂದಲು ಒರಟು, ಒಳಗೆ ಟೊಳ್ಳು, ಬಾಗಿಸಿದರೆ ಲಟಕ್ಕನೆ ಮುರಿಯುತ್ತದೆ. ಒಡೆದ ಲೈಟಿನ ಸಂದಿಯಲ್ಲಿ ಒಂದೇ ಒಂದು ಕೂದಲು ಸಿಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೆರಳು ಹಾಕಿ ಹುಡುಕಿದೆ. ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಯಾಕ ತೊಳದಿ?"

"ರಕ್ತ ಇತ್ತು," ಎಂದ.

"ನಡಿ. ಸ್ಟೇಷನ್‌ಗೆ ಹೋಗೋಣ."

"ಅವ್ವಗ?"

"ಬಂದ ಮ್ಯಾಲೆ."

ಅವನು ಚಪ್ಪಲಿ ಹಾಕಿಕೊಂಡ. ನನ್ನನ್ನೇ ನೋಡುತ್ತ ನಿಂತ. "ಅವ್ವ ನನ್ನನ್ನ ಮನ್ಯಾಗ ಇಟ್ಕೋತಾಳೇನ್ರಿ? ಆ ಡ್ರೈವರ್‌ಗ ಏನೇನ್ ಅಂದಾಳ ನೀವೇ ಕೇಳೀರಲ್ಲ."

ಗೊತ್ತಿಲ್ಲ ಎಂದೆ.

ಹೊಸ ಹೆಡ್‌ಲೈಟು ಸಿಗುತ್ತದೆಯೇ ಕೇಳಿಕೊಂಡು ಬರುತ್ತೇವೆ ಎಂದು ಅತ್ತೆಗೆ ಹೇಳಿದೆವು. "ಶ್ರಾದ್ಧದ ದಿನ ಯಾವ ಮೆಕ್ಯಾನಿಕ್‌ನೋ ನಿಂದು," ಎಂದರು. ಕಾರು ಅಲ್ಲೇ ಬಿಟ್ಟು ಸ್ಕೂಟರು ತೆಗೆದೆ. ಸ್ಟೇಷನ್ ಇರುವುದು ಕೆರೆಯ ಆಚೆ. ಆ ರಸ್ತೆಗೆ ಬಿದ್ದ ಕೂಡಲೆ ಅಭ್ಯಾಸಬಲದಿಂದ ನನ್ನ ಕೈ ಸಡಿಲವಾಗುತ್ತದೆ, ಗಾಡಿ ನಡಿಗೆಯಷ್ಟು ನಿಧಾನವಾಗುತ್ತದೆ.

"ವೈನಿ, ಸ್ವಲ್ಪ ಜೋರ ಹೊಡೀರಿ," ಎಂದ ಶ್ರೀಹರ್ಷ ಹಿಂದಿನಿಂದ. "ಧೈರ್ಯ ಇರೋದ್ರಾಗ ಮುಟ್ಟೋಣು."

ಆದರೆ ತಿರುವಿನಲ್ಲಿ ಅವನೇ ನಿಲ್ಲಿಸಿ ಎಂದ. ಹೇಳುವ ಮುಂಚೆ ನೋಡಬೇಕು ಎಂದ. ನಿಲ್ಲಿಸಿದ ಮೇಲೆ ಇಳಿಯಲಿಲ್ಲ. ಕೆರೆಯ ಕಡೆ ಮುಖ ಮಾಡಿ ಸ್ಕೂಟರಿನ ಮೇಲೇ ಕೂತ.

ನಾನು ಹೋದೆ. ಒಬ್ಬ ಮನುಷ್ಯ ಮೊಣಕಾಲು ಮಡಿಚಿ ಮಲಗಿದರೆ ಹಿಡಿಯುವಷ್ಟು ದೊಡ್ಡ ಬಿಳಿ ವೃತ್ತ. ರಸ್ತೆಯ ಅಂಚಿನಲ್ಲಿದ್ದುದರಿಂದ ಗಾಡಿಗಳು ತಪ್ಪಿಸಿಕೊಂಡು ಹೋಗಿದ್ದವು. ನಡುವೆ ಕಪ್ಪಾದ ರಕ್ತ. ಅದರ ಮೇಲೆ ಚೆಂಡು ಹೂವು, ಊದಿನಕಡ್ಡಿ, ಒಡೆದ ತೆಂಗಿನಕಾಯಿಯ ಎರಡು ಹೋಳು, ಕುಂಕುಮ ಹಚ್ಚಿದ ನಿಂಬೆಹಣ್ಣು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ್ದ, ರಸ್ತೆ ಗುಡಿಸುವ ಹೆಂಗಸು ನಿಂತಿದ್ದಳು. ಮೊದಲು ತೆಲುಗಿನಲ್ಲಿ ಏನೋ ಅಂದಳು. ನಾನು ಶ್ರೀಹರ್ಷನನ್ನು ಕರೆದದ್ದು ಕೇಳಿ ಕನ್ನಡಕ್ಕೆ ತಿರುಗಿದಳು. ಲಿಂಗಸೂಗೂರಿನವಳಂತೆ, ಹೆಸರು ಹಂಪಮ್ಮ.

"ಚಪ್ಪಲಿ ಕಾಲು ಗೆರಿಯೊಳಗ ಇಡಬ್ಯಾಡವ್ವಾ. ಜೀವ ಹೋದ ಜಾಗಾ ಐತಿ."

"ನೀವು ನೋಡಿದ್ರೇನು?"

"ನೋಡಿದಂಗ ಆಗೈತಿ. ರಕ್ತಾ ನೋಡೀನಿ."

"ಮನುಷ್ಯನ್ನ?"

"ನಾ ಬರೂದ್ರಾಗ ಒಯ್ಯಾಕತ್ತಿದ್ರು. ಆ ಪೊದಿ ಕಡಿಂದ ಏನೋ ಗೋಣಿತಾಟಿನ್ಯಾಗ ಸುತ್ತಿ ಜೀಪಿನ್ಯಾಗ ಹಾಕಿದ್ರು. ಪೊಲೀಸರು."

"ಜೀಪು ಯಾವ ಬಣ್ಣ?"

"ಹಸರ."

ಅರಣ್ಯ ಇಲಾಖೆಯ ಜೀಪು ಹಸಿರು. ನಾನು ಬಗ್ಗಿ ಗೆರೆಯನ್ನು ನೋಡಿದೆ. ಅದು ಸೀಮೆಸುಣ್ಣವಲ್ಲ, ಪೇಂಟಲ್ಲ. ಬೆರಳುಗಳ ನಡುವಿನಿಂದ ಸುರಿದ ರಂಗೋಲಿ ಹಿಟ್ಟು. ಯಾವ ಪೊಲೀಸನೂ ಇಷ್ಟು ದುಂಡಗೆ ಎಳೆಯಲಾರ. ಕಾಡಿನ ಕಡೆಯ ಬದಿಯಲ್ಲಿ ಹೂವು ರಾಶಿ ಬಿದ್ದಿತ್ತು. ಕೈಯಿಂದ ಸರಿಸಿದೆ. ಕೆಳಗೆ ಬಾಣ ಇತ್ತು, ಕಾಡಿನ ದಿಕ್ಕಿಗೆ.

ಅಲ್ಲೇ ಕೂತು ಕೃಪಾಗೆ ಫೋನು ಮಾಡಿದೆ.

"ಅಕ್ಕಾ, ಶ್ರಾದ್ಧ ಸರಿಯಾಗಿ ಆತೇನ್ರಿ?"

"ನೀ ಇವತ್ತ ಬೆಳಿಗ್ಗೆ ರಸ್ತಾಕ್ಕ ಬಂದಿದ್ದಿ?"

"ಬೈಯಬ್ಯಾಡ್ರಿ ಅಕ್ಕಾ. ನಿಮ್ಮದು ಡೇಟಾದಾಗ ಒಂದು ದಿನ ಖಾಲಿ ಉಳೀಬಾರದು ಅಂತ ಬಂದೆ. ಒಬ್ಬಾಕಿನೇ ಹೋದೆ ಅಂದ್ರ ನೀವು ಕೋಪ ಮಾಡ್ತೀರಿ ಅಂತ ಹೇಳ್ಲಿಲ್ಲ. ಸಾರಿ."

"ಈ ಗೆರಿ?"

"ಪೇಂಟ್ ನಿಮ್ಮ ಹತ್ರ ಇತ್ತಲ್ಲಾ. ಹಾಸ್ಟೆಲಿನ ಆಂಟಿ ಹತ್ರ ಮುಗ್ಗು ಹಿಟ್ಟು ಕೇಳಿ ತಗೊಂಡು ಹೋಗಿದ್ದೆ. ಸಣ್ಣ ಬೊಟ್ಟು ಇಟ್ರ ಗಾಳಿಗೆ ಹೋಗತದ ಅಂತ ದೊಡ್ಡದು ಹಾಕ್ದೆ. ಯಾಕ್ರೀ, ಪ್ರಾಬ್ಲಂ ಆತೇನು?"

"ಏನಿತ್ತು?"

"ಚುಕ್ಕೆ ಜಿಂಕಿ. ಹೆಣ್ಣು. ನಾ ಬರೂದ್ರಾಗ ಸತ್ತಿತ್ತು, ಮೈ ಇನ್ನಾ ಬೆಚ್ಚಗಿತ್ತು."

"ಅಷ್ಟೇನಾ? ಬ್ಯಾರೆ ಯಾರೂ ಇರಲಿಲ್ಲ? ಮನುಷ್ಯರು, ಬೈಕು?"

"ಮನುಷ್ಯರ? ಯಾವ ಮನುಷ್ಯರು ಅಕ್ಕಾ?"

ಫೋಟೋ ಕಳಿಸು ಎಂದೆ. ಕಳಿಸಿದಳು. ಜಿಂಕೆ ಮಲಗಿತ್ತು, ಕತ್ತು ಹಿಂದಕ್ಕೆ ತಿರುಗಿತ್ತು. ಅದರ ಕಾಲ ಬಳಿ ಒಡೆದ ಹೆಡ್‌ಲೈಟಿನ ಚೂರು, ಚೂರಿಗೆ ಅಂಟಿಕೊಂಡು ಮಾಸಿದ ನೀಲಿ ಬಣ್ಣದ ತಗಡು. ನಮ್ಮ ಕಾರಿನ ಆ ನೀಲಿ ಮಾವನವರು ಆರಿಸಿದ್ದು. ಕಾಲೊನಿಯಲ್ಲಿ ಇನ್ಯಾರೂ ಅಂಥ ಬಣ್ಣದ ಕಾರು ಕೊಂಡಿಲ್ಲ.

ಫೋನು ತೆಗೆದುಕೊಂಡು ಹೋಗಿ ಶ್ರೀಹರ್ಷನ ಮುಖದ ಮುಂದೆ ಹಿಡಿದೆ. ಅವನು ನೋಡಿದ. ಬೆರಳಿನಿಂದ ದೊಡ್ಡದು ಮಾಡಿ ಮತ್ತೆ ನೋಡಿದ. ಸ್ಕೂಟರಿನಿಂದ ಇಳಿದು, ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು, ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡ. ಬೆನ್ನು ಅಲುಗುತ್ತಿತ್ತು.

ಹಂಪಮ್ಮ ನನ್ನ ಹಿಂದೆಯೇ ಬಂದಿದ್ದಳು. "ಯಾಕ, ಇವರ ಪೈಕಿ ಏನ್ ಸತ್ತಾಂವ?"

"ಯಾರೂ ಸತ್ತಿಲ್ಲವ್ವಾ. ಅದು ಜಿಂಕಿ."

"ಜಿಂಕಿ?" ಫೋಟೋ ನೋಡಿದಳು. "ಮತ್ತ ಎರಡು ಮಕ್ಕಳು?"

"ಎರಡು ಮಕ್ಕಳು ಅಂತ ಯಾರು ಹೇಳಿದ್ರು ನಿಮಗ?"

ಹಂಪಮ್ಮ ಪೊರಕೆಯ ಕಡ್ಡಿ ಸರಿಮಾಡಿದಳು. "ನಾನಽ ಹೇಳೀನಿ. ಏನ್ ಮಾಡ್ಲೆವ್ವಾ, ಹಾದಿಗೆ ಹೋಗಾರೆಲ್ಲಾ ಗಾಡಿ ನಿಂದ್ರಿಸಿ ಕೇಳಾಕತ್ತಿದ್ರು. ಯಾರು, ಏನ್ ಕೆಲಸಾ, ಎಷ್ಟು ಮಕ್ಕಳು. ಗೊತ್ತಿಲ್ಲ ಅಂದ್ರ ನನ್ನನ್ನ ಹುಚ್ಚೀನ್ ನೋಡಿದಂಗ ನೋಡಾಕತ್ತಿದ್ರು. ಕಡೀಕ ಎರಡು ಅಂದೆ. ಜಾಸ್ತಿ ಹೇಳಿಲ್ಲ."

"ವಾಚ್‌ಮನ್ ಅಂದದ್ದೂ ನೀವೇನಾ?" ಪಂಚೆಯೊಳಗಿನಿಂದ ಶ್ರೀಹರ್ಷ ಕೇಳಿದ.

"ಅದು ನಾ ಅಲ್ಲ. ಅದು ಚಾದಂಗಡಿಯಾವ."

ಅವಳು ಹೋಗಿ ತೆಂಗಿನಕಾಯಿಯ ಹೋಳು ಎತ್ತಿಕೊಂಡು, ಧೂಳು ಊದಿ, ಜಾಕೆಟ್ಟಿನ ಜೇಬಿಗೆ ಸೇರಿಸಿದಳು. "ಮನಶ್ಯಾಂದು ಅಂತ ಒಡದಿದ್ದೆ. ಜಿಂಕಿ ಕಾಯಿ ತಿನ್ನಾಂಗಿಲ್ಲ. ಚಟ್ನಿಗೆ ಆಕ್ಕೈತಿ."

ನನಗೆ ನಗು ಬಂತು. ಮೊದಲು ಮೂಗಿನಲ್ಲಿ ಬಂತು, ತಡೆಯಲು ಹೋದೆ, ಬಾಯಿಗೆ ಬಂತು. ಶ್ರೀಹರ್ಷ ಪಂಚೆ ಸರಿಸಿ ನನ್ನನ್ನು ನೋಡಿ ತಾನೂ ನಗತೊಡಗಿದ, ಹಂಪಮ್ಮನೂ ಸೇರಿದಳು. ಕಾರಿನಲ್ಲಿ ಹೋಗುತ್ತಿದ್ದವರು ವೇಗ ತಗ್ಗಿಸಿ, ಸತ್ತವನ ಜಾಗದಲ್ಲಿ ನಿಂತು ನಗುವ ಮೂವರನ್ನು ನೋಡಿ ಮುಂದೆ ಹೋದರು. ಹೊಟ್ಟೆ ನೋವು ಬರುವವರೆಗೆ ನಕ್ಕೆವು. ನಿಲ್ಲಿಸಿದ ಮೇಲೆ ಗಾಳಿ ಎದೆಯ ತಳದವರೆಗೆ ಹೋಗಿ ಬಂದಂತಾಯಿತು. ಕೆರೆಯ ಮೇಲೆ ಬೆಳಕು ಇನ್ನೂ ಇತ್ತು.

ವೃತ್ತವನ್ನು ಹಾಗೇ ಬಿಟ್ಟರೆ ನಾಳೆ ಇನ್ನಷ್ಟು ಹೂವು ಬೀಳುತ್ತಿತ್ತು. ಹಂಪಮ್ಮನೇ ಗುಡಿಸಿದಳು. ನಾನು ಸ್ಕೂಟರಿನಿಂದ ಪೇಂಟು ತೆಗೆದು ನಡುವೆ ಹಳದಿ ಬೊಟ್ಟು ಇಟ್ಟು, ಬಾಣ ಬರೆದೆ.

ವಾಪಸು ಹೊರಟಾಗ ಶ್ರೀಹರ್ಷ ಹಗುರಾಗಿದ್ದ. ಹಿಂದೆ ಕೂತು ತುಂಬ ಮಾತಾಡಿದ.

"ಸ್ಟೇಷನ್ ಬ್ಯಾಡಲ್ರಿ ಇನ್ನ?"

"ಬ್ಯಾಡ. ನಾಳೆ ಫಾರೆಸ್ಟ್ ಆಫೀಸ್‌ಗೆ ಹೋಗಿ ಹೇಳು."

"ಜಿಂಕಿಗೂ ಹೇಳಬೇಕಾ?"

"ಹೇಳಬೇಕು. ಇಷ್ಟು ದಿನದಾಗ ಒಬ್ಬ ಡ್ರೈವರೂ ಬಂದು ಹೇಳಿಲ್ಲ. ನಮಗ ಸಿಗೋದು ಬರೇ ಸತ್ತದ್ದು."

ಕಾಲೊನಿ ಹತ್ತಿರ ಬಂದಾಗ, "ಅವ್ವಗ ಹೇಳೋದು ಬ್ಯಾಡ್ರಿ ವೈನಿ. ಏನೂ ಆಗಿಲ್ಲಲ್ಲಾ," ಎಂದ.

"ಆ ಇಬ್ಬರು ಮಕ್ಕಳ ಸಲುವಾಗಿ ಅವರು ಅಳ್ಲಿಕತ್ತಾರ," ಎಂದೆ. "ಜಿಂಕಿ ಅಂತ ನಾ ಹೇಳ್ತೀನಿ. ಉಳದದ್ದು ನಿಂದು. ಹೇಳೋದೋ ಬಿಡೋದೋ ನೀ ನೋಡು."

ಮನೆಗೆ ಬಂದಾಗ ಅತ್ತೆ ನೆಲದ ಮೇಲೆ ಕೂತು ಉಳಿದ ಎಳ್ಳನ್ನು ಡಬ್ಬಿಗೆ ತುಂಬುತ್ತಿದ್ದರು. ನಾನು ಹೇಳಿದೆ. ಅಲ್ಲಿ ಯಾರೂ ಸತ್ತಿಲ್ಲ, ಒಂದು ಹೆಣ್ಣು ಜಿಂಕೆ ಸತ್ತಿದೆ, ಗೆರೆ ಹಾಕಿದವಳು ಕೃಪಾ, ಮಕ್ಕಳನ್ನು ಹುಟ್ಟಿಸಿದವಳು ಹಂಪಮ್ಮ.

ಅತ್ತೆ ಎರಡೂ ಕೈ ಎತ್ತಿ ಮುಗಿದರು. "ಸದ್ಯ. ಯಾವ ತಾಯಿ ಹೊಟ್ಟಿನೋ, ತಣ್ಣಗಿರ್ಲಿ." ಮತ್ತೆ, "ಆ ಹುಡಗಿಗೆ ನಾಲ್ಕ್ ಬೈಬೇಕು ನೀ," ಎಂದರು.

ಶ್ರೀಹರ್ಷ ಬಾಗಿಲಲ್ಲೇ ನಿಂತಿದ್ದ. ಒಳಗೆ ಹೋಗಿಬಿಡುತ್ತಾನೆ ಎಂದುಕೊಂಡೆ. ಅವನು ಬಂದು ಅವರ ಎದುರು ಕೂತ.

"ಅವ್ವಾ, ಹಾಯ್ಸಿದಾಂವ ನಾನು."

ಅತ್ತೆ ಅವನನ್ನು ನೋಡಿದರು. ಹೊರಗೆ ನಿಂತ ಕಾರಿನ ಕಡೆ ನೋಡಿದರು.

"ನಿಂತಿದ್ದಿ?"

"ಇಲ್ಲ."

"ಜಿಂಕಿ ಅಂತ ಗೊತ್ತಿತ್ತು ಆವಾಗ?"

"ಇಲ್ಲವ್ವಾ. ಮನಶ್ಯಾ ಇರಬಹುದು ಅಂತನೂ ಅನಿಸಿತ್ತು."

ಎಳ್ಳಿನ ಡಬ್ಬಿಯ ಮುಚ್ಚಳ ಸರಿಯಾಗಿ ಕೂರಲಿಲ್ಲ. ಅವರು ಅದನ್ನು ತೆಗೆದು ಮತ್ತೆ ಒತ್ತಿದರು. ಬೈಗುಳ ಬರುತ್ತದೆ ಎಂದು ನಾನು ಕಾದೆ. ಅವನೂ ತಲೆ ತಗ್ಗಿಸಿ ಕಾದ.

"ಯಾಕ ನಿಲ್ಲಲಿಲ್ಲ?" ಎಂದರು.

ಅದೇ ಮಾತು. ವರ್ಷವೆಲ್ಲ ಗೋಡೆಗೆ ಕೇಳಿದ್ದು. ಆದರೆ ಈಗ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕಿತ್ತು, ಕೇಳಿದರು.

ಅವನು ಹೇಳಿದ. ಮಹಡಿಯಲ್ಲಿ ಹೇಳಿದ್ದಕ್ಕಿಂತ ನಿಧಾನವಾಗಿ ಹೇಳಿದ. ಬ್ರೇಕು, ಬಾಗಿಲು, ಕತ್ತಲು, ಮೈಲಿಗೆ, ಆಚಾರ್ಯರು. ಹಿಂದೆ ತಿರುಗಿ ನೋಡಿದರೆ ಅದು ಏನೆಂದು ಗೊತ್ತಾಗುತ್ತದೆ, ಗೊತ್ತಾಗುವುದು ಬೇಡ ಅನಿಸಿತು ಎಂದ.

"ಮೈಲಿಗಿ ಆದ್ರ ಇನ್ನೊಮ್ಮೆ ಸ್ನಾನ ಮಾಡಿದ್ರ ಆಗ್ತಿತ್ತು," ಎಂದರು ಕೊನೆಗೆ. "ಆಚಾರ್ರು ಒಂದು ತಾಸು ಕೂಡ್ತಿದ್ರು. ವಿಶ್ವಜಿತ್‌ಗ ಅದರಿಂದ ಏನೂ ಕಡಿಮಿ ಆಗ್ತಿರಲಿಲ್ಲ."

"ಹೂಂ."

"ಕಾಲು ಕೆಳಗ ಇಟ್ಟಿದ್ದಿ ಅಂದಿ."

"ಒಂದ್ ಕಾಲು."

"ಆಮ್ಯಾಲೆ ಒಳಗ ತಗೊಂಡಿ."

"ಹೂಂ ಅವ್ವಾ."

ಅತ್ತೆ ಬಹಳ ಹೊತ್ತು ಅವನ ಪಾದಗಳನ್ನು ನೋಡಿದರು.

"ಹಂಗಾರ ಅವನೂ ಒಂದ್ ಕಾಲು ಕೆಳಗ ಇಟ್ಟಿರಬಹುದು," ಎಂದರು.

ಯಾರು ಎಂದು ನಾವು ಕೇಳಲಿಲ್ಲ. ನನ್ನ ಕಣ್ಣಿನಿಂದ ನೀರು ಹೋಗುತ್ತಿತ್ತು. ಕುತ್ತಿಗೆ ಒದ್ದೆಯಾದ ಮೇಲೆ ಗೊತ್ತಾಯಿತು. ಅತ್ತೆ ನೋಡಿದರು, ಸೆರಗಿನ ತುದಿಯನ್ನು ನನ್ನ ಕಡೆ ಚಾಚಿದರು.

"ಹೆಣ್ಣ ಜಿಂಕಿ ಅಂದಿ. ಮರಿ ಇತ್ತೇನು ಅದಕ್ಕ?"

"ಇಲ್ಲ ಅತ್ಯಾ. ಕೃಪಾನ್ನ ಕೇಳಿದೆ. ಕೆಚ್ಚಲದಾಗ ಹಾಲಿರಲಿಲ್ಲಂತ."

"ಹಂಗಾರ ಯಾರೂ ಕಾಯ್ತಿಲ್ಲ ಅದಕ್ಕ." ನೆಲಕ್ಕೆ ಕೈಯೂರಿ ಎದ್ದರು. ಒಳಗೆ ಹೋಗುತ್ತ ಹೇಳಿದರು. "ನಾಳೆ ಆ ಆಫೀಸಿಗೆ ನಾನೂ ಬರ್ತೀನಿ. ಇಂವಾ ಅಲ್ಲಿ ಮತ್ತ ಕಾಲು ಒಳಗ ತಗೊಂಡ್ರ? ಹಾಲು ಕಾಸಿಡ್ತೀನಿ, ಕುಡದು ಮಲಕೋರಿ ಇಬ್ಬರೂ."

ಮರುದಿನ ನಾನು ರಸ್ತೆಗೆ ಹೊರಡಲು ಎದ್ದಾಗ ಅಡುಗೆಮನೆಯಲ್ಲಿ ದೀಪವಿರಲಿಲ್ಲ. ಈ ವರ್ಷವಿಡೀ ನಾನು ಯಾವಾಗ ಎದ್ದರೂ ಅತ್ತೆ ಅಲ್ಲಿ ಕೂತಿರುತ್ತಿದ್ದರು. ಬೇಗ ಏಳುವ ಅಭ್ಯಾಸ ಎಂದುಕೊಂಡಿದ್ದೆ. ಅವರ ಕೋಣೆಯ ಬಾಗಿಲು ಅರೆ ತೆರೆದಿತ್ತು. ಮಗ್ಗುಲಾಗಿ ಮಲಗಿ, ಬಾಯಿ ತೆರೆದು, ಜೋರಾಗಿ ಗೊರಕೆ ಹೊಡೆಯುತ್ತಿದ್ದರು. ಗೇಟಿನಲ್ಲಿ ಕೃಪಾ ಹಾರ್ನ್ ಹಾಕಲು ಕೈ ಎತ್ತಿದ್ದಳು. ಬೇಡ ಎಂದು ಸನ್ನೆ ಮಾಡಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡೆ.